ಹೊರಡದೇ ಉಳಿದವು

ಆ ದಿನ ಮಳೆ ಬರುತ್ತಿರಲಿಲ್ಲ. ಬರುತ್ತಿತ್ತೆಂದು ನಾನು ಬಹಳ ಜನರಿಗೆ ಹೇಳಿದ್ದೇನೆ. ಡ್ರೈವಿಂಗ್ ಸ್ಕೂಲಿನ ಮಾಲೀಕರಿಗೆ ಹೇಳಿದೆ, ಅತ್ತೆಗೆ ಹೇಳಿದೆ, ಎದುರು ಮನೆಯ ಆಂಟಿಗೆ ಹೇಳಿದೆ. ರಸ್ತೆ ಒದ್ದೆಯಾಗಿತ್ತು, ಟೈರು ಜಾರಿತು ಎಂದರೆ, ಅದು ಮಾರ್ಚ್ ತಿಂಗಳ ಬಿಸಿಲೆಂದು ಯಾರೂ ನೆನಪಿಸಲಿಲ್ಲ. ಹೇಳಿ ಹೇಳಿ ಈಗ ಆ ಬೆಳಗನ್ನು ನೆನೆದರೆ ಗಾಜಿನ ಮೇಲೆ ವೈಪರ್ ಆಡುವುದು ಕಾಣಿಸುತ್ತದೆ. ಆದ್ದರಿಂದ ಇದನ್ನು ಓದುವವರು ನನ್ನ ನೆನಪನ್ನು ಪೂರ್ತಿ ನಂಬಬೇಡಿ. ನಾನೂ ನಂಬುವುದನ್ನು ಬಿಟ್ಟಿದ್ದೇನೆ.

ಹನ್ನೆರಡು ವರ್ಷ ನಾನು ಕಾರು ಓಡಿಸುವುದನ್ನು ಕಲಿಸಿದೆ. ಬನಶಂಕರಿಯ ಒಂದು ಸಣ್ಣ ಡ್ರೈವಿಂಗ್ ಸ್ಕೂಲು. ಕಲಿಸುವುದಕ್ಕೆ ಹೆಂಗಸೇ ಬೇಕೆಂದು ಕೇಳಿಕೊಂಡು ಬರುವವರೆಲ್ಲ ನನ್ನ ಪಾಲು. ಅವರು ಸ್ಟೀರಿಂಗ್ ಹಿಂದೆ ಕೂರುತ್ತಾರೆ, ನಾನು ಎಡಗಡೆ. ನನ್ನ ಕಾಲ ಬಳಿಯೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತದೆ. ಅವರು ಏನೇ ಎಡವಟ್ಟು ಮಾಡಿದರೂ ಕೊನೆಗೆ ಕಾರನ್ನು ನಿಲ್ಲಿಸುವುದು ನನ್ನ ಕಾಲು. ಈ ಕೆಲಸ ಎಂದರೆ ಇಷ್ಟೇ, ಆ ಕಾಲು ಎಚ್ಚರವಾಗಿರಬೇಕು.

ಆ ದಿನ ಓಡಿಸುತ್ತಿದ್ದವಳು ಅನುಷಾ. ಬಿಟಿಎಂ ಲೇಔಟಿನ ಪಿಜಿಯಲ್ಲಿದ್ದ ಹುಡುಗಿ, ಕಲಿಯಲು ಬಂದು ಒಂಬತ್ತನೇ ದಿನ. ಜೆಪಿ ನಗರದ ಒಂದು ಪಾರ್ಕಿನ ಪಕ್ಕದ ರಸ್ತೆ. ಮುಂದಿನದು ನನಗೆ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ಅವಳು ಹೇಳಿದ್ದು ಗೊತ್ತು.

“ಮೇಡಂ, ನೀವು ಮಾತಾಡ್ತಾ ಮಾತಾಡ್ತಾ ನಿಲ್ಲಿಸ್ಬಿಟ್ರಿ. ಏನೋ ತಿಂತಿರೋ ಥರ ಬಾಯಿ ಚಪ್ಪರಿಸ್ತಿದ್ರಿ. ನನ್ನ ಕಡೆನೇ ತಿರುಗಿದ್ರಿ, ಆದ್ರೆ ನನ್ನ ನೋಡ್ತಿರ್ಲಿಲ್ಲ. ಬ್ರೇಕ್ ಮೇಡಂ, ಬ್ರೇಕ್ ಮೇಡಂ ಅಂತ ನಾನು ಕಿರುಚ್ತಾನೇ ಇದ್ದೆ.”

“ನೀನ್ಯಾಕೆ ಒತ್ಲಿಲ್ಲ?”

“ಗಾಬ್ರೀಲಿ ಪಕ್ಕದ್ದು ಒತ್ಬಿಟ್ಟೆ.” ಆಮೇಲೆ ತಲೆ ತಗ್ಗಿಸಿ, “ನೀವಿದ್ದೀರಲ್ಲ ಅಂತ,” ಎಂದಳು.

ಕಾರು ಫುಟ್‌ಪಾತ್ ಹತ್ತಿ ಎಳನೀರಿನ ರಾಶಿಗೆ ನುಗ್ಗಿ ನಿಂತಿತು. ಅಲ್ಲಿ ನಿಂತು ಎಳನೀರು ಕುಡಿಯುತ್ತಿದ್ದ ಒಬ್ಬ ಮುದುಕರು ಸ್ಟ್ರಾ ಎಸೆಯಲೆಂದು ಎರಡು ಹೆಜ್ಜೆ ಆಚೆ ಹೋಗಿದ್ದರಂತೆ. ಅವರ ಮುಖ ನಾನು ನೋಡಿಲ್ಲ. ಆದರೂ ದಿನಕ್ಕೊಮ್ಮೆ ಅವರನ್ನು ನೋಡುತ್ತೇನೆ.

ಕಾರು ನಿಂತ ಮೇಲೆ ನನ್ನ ಮೈ ಪೂರ್ತಿ ಸೆಟೆದು ಒದ್ದಾಡಿತಂತೆ. ಎಚ್ಚರವಾದಾಗ ಹಿಂದಿನ ಸೀಟಿನಲ್ಲಿ ಮಲಗಿದ್ದೆ, ನಾಲಿಗೆ ಕಚ್ಚಿಕೊಂಡಿದ್ದೆ, ಬಲಗೈಯ ಮುಷ್ಟಿಯಲ್ಲಿ ನನ್ನದಲ್ಲದ ಬೀಗದ ಕೈ ಗೊಂಚಲೊಂದಿತ್ತು. ಎಳನೀರಿನವರದು. ಆಂಬುಲೆನ್ಸ್ ಬಂದಾಗ ಅವರೇ ಬಂದು ಬಿಡಿಸಿಕೊಂಡರು. ಕಾಯಿಗಳ ಲೆಕ್ಕ ಎತ್ತಲಿಲ್ಲ. “ಮೊದ್ಲು ಹುಷಾರಾಗಿ ಅಕ್ಕ,” ಎಂದರು. ಈ ಕಥೆಯಲ್ಲಿ ಒಳ್ಳೆಯವರೆಲ್ಲ ಪರಿಚಯವಿಲ್ಲದವರು. ಅದನ್ನು ನಾನು ಬೇಕೆಂದು ಹಾಗೆ ಜೋಡಿಸಿಲ್ಲ.

ಆಸ್ಪತ್ರೆಯಲ್ಲಿ ನನ್ನ ಗಂಡ ಗಿರೀಶ ಅಂಗೈಯ ಮೇಲಿದ್ದ ಬೀಗದ ಕೈಗಳ ಅಚ್ಚು ನೋಡಿ ನಕ್ಕ. “ಪ್ರಜ್ಞೆ ತಪ್ಪಿದ್ರೂ ಕೀ ಬಿಡಲ್ವಲ್ಲೇ ನೀನು.” ನಾನೂ ನಕ್ಕೆ. ಅದು ನಮ್ಮ ಮನೆಯ ಹಳೆಯ ತಮಾಷೆ.

ನಾನು ಹುಟ್ಟಿ ಬೆಳೆದದ್ದು ಕೋಣನಕುಂಟೆಯಲ್ಲಿ. ತಾತ ರಾಗಿ ಹೊಲದ ಒಂದು ಭಾಗ ಮಾರಿ, ಉಳಿದದ್ದರಲ್ಲಿ ಸಾಲುಮನೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದರು. ಆ ಮನೆಗಳ ಬೀಗದ ಕೈಗಳೆಲ್ಲ ಒಂದು ದಪ್ಪ ಗೊಂಚಲಾಗಿ ಅವರ ಸೊಂಟದಲ್ಲಿ ತೂಗುತ್ತಿದ್ದವು. ನನಗೆ ಐದು ವರ್ಷವಿದ್ದಾಗ ಆ ಗೊಂಚಲನ್ನು ಕಿತ್ತುಕೊಂಡು ಮುಷ್ಟಿಯಲ್ಲಿ ಹಿಡಿದು ನಿದ್ದೆ ಹೋದೆನಂತೆ. ಬಿಡಿಸಲು ಮನೆಮಂದಿಯೆಲ್ಲ ಸೇರಬೇಕಾಯಿತಂತೆ. ಮದುವೆ, ನಾಮಕರಣ, ತಿಥಿ, ಎಲ್ಲಿ ನಾಲ್ಕು ಜನ ಸೇರಿದರೂ ಚಿಕ್ಕಪ್ಪ ಅದನ್ನು ಹೇಳುತ್ತಿದ್ದ: “ಏನ್ ಹಿಡಿತ ಅಂತೀರಾ! ಕಿರುಬೆರಳಿಂದ ಶುರು ಮಾಡಿ ಒಂದೊಂದೇ ಬಿಡಿಸ್ದೋ. ಇವಳು ಹುಟ್ಟಿದ್ದೇ ಡ್ರೈವರ್ ಆಗಕ್ಕೆ.”

ನಾನು ಅದನ್ನು ಪೂರ್ತಿ ನನ್ನದು ಮಾಡಿಕೊಂಡಿದ್ದೆ. ಹೊಸದಾಗಿ ಕಲಿಯಲು ಬಂದವರಿಗೆ ಮೊದಲ ದಿನ ಕಾರಿನ ಕೀ ಕೊಡುವಾಗ ಇದನ್ನೇ ಹೇಳುತ್ತಿದ್ದೆ. “ನಾನು ಐದು ವರ್ಷಕ್ಕೇ ಕೀ ಹಿಡಿದವಳು. ನೀವು ಮೂವತ್ತಕ್ಕೆ ಹಿಡೀತಿದ್ದೀರಿ. ಭಯ ಯಾಕೆ?” ಅವರು ನಗುತ್ತಿದ್ದರು, ಹೆದರಿಕೆ ಸ್ವಲ್ಪ ಇಳಿಯುತ್ತಿತ್ತು. ಆ ದಿನದ ಒಂದು ಫೋಟೋ ಕೂಡ ಇದೆ: ಕೆಂಪು ಫ್ರಾಕು, ಅಮ್ಮನ ತೊಡೆ, ನನ್ನ ಮುಷ್ಟಿ.

ಎಂಆರ್‌ಐ ಮಾಡುವ ಕಡೆ ಮೈಮೇಲಿನ ಲೋಹವೆಲ್ಲ ತೆಗೆಯಬೇಕು ಎಂದರು. ತಾಳಿ ಬಂತು, ಓಲೆ ಬಂತು, ಕಾಲುಂಗುರ ಬರಲಿಲ್ಲ. ಅಲ್ಲಿನ ನರ್ಸ್ ಒಂದು ತುಂಡು ಸೋಪು ತಂದು, ನನ್ನ ಕಾಲನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು, ಎರಡನ್ನೂ ಜಾರಿಸಿ ತೆಗೆದಳು. “ನೋವಾಯ್ತಾ ಮೇಡಂ?” ಎಂದಳು. ನೋವಾಗಿರಲಿಲ್ಲ. ಆ ವಾರದಲ್ಲಿ ನಾನು ಮೊದಲ ಸಲ ಅತ್ತದ್ದು ಅಲ್ಲಿ.

ಜಯನಗರದ ಆ ಆಸ್ಪತ್ರೆಯ ನರರೋಗದ ಡಾಕ್ಟರು ನನಗಿಂತ ಚಿಕ್ಕವರು. ಪರದೆಯ ಮೇಲೆ ನನ್ನ ತಲೆಯ ಒಳಗನ್ನು ಹೋಳು ಹೋಳಾಗಿ ಸರಿಸುತ್ತ ಒಂದು ಕಡೆ ನಿಲ್ಲಿಸಿದರು. ನಡುವೆ ನೀರಿರುವ ಎರಡು ಕಪ್ಪು ಕುಳಿಗಳು. ಅವುಗಳ ಅಂಚಿಗೆ ಅವರೆಕಾಳು ಅಂಟಿಸಿದ ಹಾಗೆ ಬೂದು ಗಂಟುಗಳು.

“ಇದು ಗಡ್ಡೆ ಅಲ್ಲ,” ಎಂದರು ಮೊದಲೇ. ಅದನ್ನು ಮೊದಲೇ ಹೇಳಿದ್ದಕ್ಕೆ ಅವರಿಗೆ ನಾನು ಋಣಿ. “ಇವು ನರಕೋಶಗಳೇ. ಕೆಟ್ಟಿಲ್ಲ. ಮಗು ಹೊಟ್ಟೇಲಿರುವಾಗ ಮೆದುಳಿನ ಕೋಶಗಳು ಇಲ್ಲಿ, ಒಳಗೆ ಹುಟ್ತವೆ. ಆಮೇಲೆ ಒಂದು ಎಳೆ ಹಿಡ್ಕೊಂಡು ಹತ್ತಿ ಹತ್ತಿ ಹೊರಮೈಗೆ ಹೋಗಿ ಸೇರ್ಬೇಕು. ನಿಮ್ಮವು ಮುಕ್ಕಾಲು ಪಾಲು ಹೋಗಿವೆ. ಇವು ಹೊರಡಲೇ ಇಲ್ಲ.”

“ಯಾಕೆ?”

“ಹೊರಡೋಕೆ ಬೇಕಾದ ಒಂದು ಪ್ರೊಟೀನ್ ಸರಿ ಇರೋದಿಲ್ಲ. ನಿಮ್ಮ ಕೇಸ್‌ನಲ್ಲಿ ಅದೇ ಅಂತ ನನ್ನ ಅನುಮಾನ. ನೀವು ನಿಮ್ಮ ತಾಯಿ ಹೊಟ್ಟೇಲಿ ಮೂರು ನಾಲ್ಕು ತಿಂಗಳಿದ್ದಾಗ ಆಗಿರೋದು.”

“ಅಂದ್ರೆ ಸಿಲ್ಕ್ ಬೋರ್ಡ್ ಜಂಕ್ಷನ್ ಟ್ರಾಫಿಕ್ ಜಾಮ್ ಅನ್ನಿ ಡಾಕ್ಟ್ರೇ,” ಎಂದ ಗಿರೀಶ. ಹೆದರಿದಾಗ ಅವನು ಜೋಕು ಮಾಡುತ್ತಾನೆ.

ಡಾಕ್ಟರು ನಕ್ಕರು. “ಅಲ್ಲಾದ್ರೆ ಯಾವತ್ತೋ ಒಂದಿನ ಬಿಡುತ್ತೆ ಸಾರ್. ಇವು ಅಲ್ಲೇ ಇರ್ತವೆ. ಅಲ್ಲೇ ಇದ್ಕೊಂಡು ಆಗಾಗ ಕರೆಂಟ್ ಹೊಡೀತವೆ, ಅಷ್ಟೇ ತೊಂದರೆ.”

ಮೂರು ತಿಂಗಳು. ಹೆಸರಿಲ್ಲ, ಮುಖ ಸರಿಯಾಗಿ ಮೂಡಿಲ್ಲ, ಆಗಲೇ ನನ್ನೊಳಗೆ ಒಂದಷ್ಟು ಮಂದಿ ಹೊರಡುವುದಿಲ್ಲ ಎಂದು ಕೂತುಬಿಟ್ಟಿದ್ದರು. ಯಾರನ್ನು ಬೈಯುವುದು? ಮೋಸ ಮಾಡಿದವರೂ ನಾನೇ, ಮೋಸ ಹೋದವಳೂ ನಾನೇ. ಇನ್ನೂ ಒಂದು ಹೇಳಬೇಕು. ಎಷ್ಟೋ ವರ್ಷಗಳಿಂದ ನನಗೆ ಆಗಾಗ ಹೊಟ್ಟೆಯಿಂದ ಏನೋ ಮೇಲೆದ್ದು ಬಂದು, ಸೀದ ಬೆಲ್ಲದ ವಾಸನೆ ಮೂಗಿಗೆ ಬಡಿದು, ನಾಲ್ಕೈದು ಸೆಕೆಂಡು ಎಲ್ಲವೂ ಈಗಾಗಲೇ ನಡೆದದ್ದೆನ್ನಿಸುತ್ತಿತ್ತು. ಗ್ಯಾಸ್ಟ್ರಿಕ್ ಅಂದುಕೊಂಡಿದ್ದೆ. ಅಂದುಕೊಂಡಿದ್ದೆನೋ, ಅಂದುಕೊಳ್ಳುವುದು ಸುಲಭವಾಗಿತ್ತೋ. ಡಾಕ್ಟರಿಗೆ ಅದನ್ನು ಹೇಳಿದ್ದು ಮೂರನೇ ಭೇಟಿಯಲ್ಲಿ.

ಮೊದಲ ಭೇಟಿಯಲ್ಲಿ ಅವರು ಕೇಳಿದ್ದು ಬೇರೆ. “ಚಿಕ್ಕೋರಿದ್ದಾಗ ಫಿಟ್ಸ್ ಬರ್ತಿತ್ತಾ?”

“ಇಲ್ಲ.”

“ನಿಮಗೆ ಗೊತ್ತಿರಲ್ಲ. ತಾಯಿನ ಕೇಳಿ. ಇದು ಎಷ್ಟೋ ಸಲ ತಾಯಿ ಕಡೆಯಿಂದ ಬರುತ್ತೆ. ನಿಮಗೆ ಮಕ್ಕಳು?”

“ಒಬ್ಬಳು ಮಗಳು. ಹದಿನೇಳು.”

ಅವರ ಪೆನ್ನು ನಿಂತಿತು. “ಹಾಗಾದ್ರೆ ಕೇಳಲೇಬೇಕು. ನಿಮ್ಮ ತಾಯಿ ಏನ್ ಹೇಳ್ತಾರೆ ಅನ್ನೋದರ ಮೇಲೆ ಮಗಳನ್ನ ಯಾವಾಗ, ಹೇಗೆ ನೋಡ್ಬೇಕು ಅಂತ ಯೋಚಿಸೋಣ.”

ಗಿರೀಶ ಆಟೋ ಕರೆದು ನನ್ನನ್ನು ಹತ್ತಿಸಿದ. ನಮ್ಮ ಮದುವೆಯಾಗಿ ಹತ್ತೊಂಬತ್ತು ವರ್ಷ. ಸೌತ್ ಎಂಡ್ ಸರ್ಕಲ್ ದಾಟುವಾಗ ಕೇಳಿದ, “ಮದುವೆಗೆ ಮುಂಚೆ ನಿಂಗೇನೂ ಗೊತ್ತಿರ್ಲಿಲ್ಲ ತಾನೆ?”

ನಾನು ಅವನ ಮುಖ ನೋಡಿದೆ.

“ಅಯ್ಯೋ, ಸುಮ್ನೆ ಕೇಳ್ದೆ ಮಾರಾಯ್ತಿ.”

ಅಮ್ಮನಿಗೆ ಫೋನು ಮಾಡಿದೆ. “ಫಿಟ್ಸಾ? ನಿಂಗಾ? ಎಲ್ಲಿಂದ ಬರುತ್ತೆ? ಬೆಳಿಗ್ಗೆ ತಿಂಡಿ ತಿನ್ನಲ್ಲ, ಡಯಟ್ಟು ಗಿಯಟ್ಟು ಅಂತೀಯ, ತಲೆ ತಿರುಗಿದೆ. ಆ ಡಾಕ್ಟ್ರಿಗೆ ಹೇಳು, ನನ್ನ ಮಗಳು ಒಂದು ಜ್ವರ ಕಂಡವಳಲ್ಲ ಅಂತ.” ನನಗೆ ಎಷ್ಟು ಸಮಾಧಾನವಾಯಿತೆಂದರೆ, ಆ ಮಾತನ್ನು ಹಾಗೇ ಡಾಕ್ಟರಿಗೆ ತಲುಪಿಸಿದೆ. ಮಗಳು ಸಿಂಚನಾಗೆ, ನನಗೆ ಶುಗರ್ ಲೋ ಆಗಿತ್ತು ಎಂದು ಹೇಳಿದೆವು. ಅವಳಿಗೆ ಸೆಕೆಂಡ್ ಪಿಯುಸಿ. ಪೂರ್ತಿ ಗೊತ್ತಾದ ಮೇಲೆ ಹೇಳೋಣ ಎಂದು ಗಿರೀಶ ಅಂದ. ನಾನು ಅಂದೆನೋ? ಒಬ್ಬರು ಅಂದೆವು, ಇನ್ನೊಬ್ಬರು ತಕ್ಷಣ ಒಪ್ಪಿದೆವು.

ಮಾತ್ರೆ ಶುರುವಾಯಿತು. ಕೆಲಸ ಹೋಯಿತು. ಮಾಲೀಕರು ಒಳ್ಳೆಯ ಮಾತಿನಲ್ಲೇ ಕಳಿಸಿದರು. ನನ್ನ ಹೆಸರಿದ್ದ ಕಡೆ ಬೋರ್ಡಿನ ಮೇಲೆ ಬಿಳಿ ಬಣ್ಣ ಬಳಿದಿದ್ದು ಎದುರಿನ ಬೇಕರಿಯಿಂದ ಕಂಡಿತು. ಅಂದಿನಿಂದ ಇಂದಿನವರೆಗೆ ನಾನು ಬಿದ್ದಿಲ್ಲ. ಈ ಕಾಯಿಲೆ ಹೊಸದಾಗಿ ಬಂದವರು ಓದುತ್ತಿದ್ದರೆ ಇದನ್ನು ಮೊದಲು ಕೇಳಿಸಿಕೊಳ್ಳಿ. ಮಾತ್ರೆ ಕೆಲಸ ಮಾಡುತ್ತದೆ, ಬೀಳದೆ ಬದುಕಬಹುದು. ಆದರೆ ಆ ಮಾತ್ರೆಗೆ ಒಂದು ಗುಣವಿದೆ. “ಕೆಲವರಿಗೆ ಸಿಟ್ಟು ಜಾಸ್ತಿ ಆಗುತ್ತೆ,” ಎಂದಿದ್ದರು ಡಾಕ್ಟರು. ಆಯಿತು. ಪ್ರೆಷರ್ ಕುಕ್ಕರ್ ಕೂಗಿದರೆ ಸಿಟ್ಟು, ಸಿಂಚನಾ ಕಾಲು ಅಲ್ಲಾಡಿಸಿದರೆ ಸಿಟ್ಟು. ಯಾವ ಸಿಟ್ಟು ನನ್ನದು, ಯಾವುದು ಮಾತ್ರೆಯದು ಎಂದು ಬೇರೆ ಮಾಡಲು ಆಗದಿರುವುದು ಎಂಥ ಒಂಟಿತನ ಎಂದು ಯಾರೂ ನನಗೆ ಹೇಳಿರಲಿಲ್ಲ.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಅದೇ ಆಸ್ಪತ್ರೆಯಲ್ಲಿ ಟೋಕನ್ ಹಿಡಿದು ಕೂತಿದ್ದೆ. ನನ್ನ ಎದುರಿನ ಸಾಲಿನಲ್ಲಿ ವಸಂತಪುರದಿಂದ ಬಂದಿದ್ದ ವಯಸ್ಸಾದ ದಂಪತಿ. ಆಕೆ ನನ್ನ ಜೊತೆ ಮಾತಿಗಿಳಿದಿದ್ದರು. ಮೂರು ಬಸ್ಸು ಬಿಟ್ಟು ಹತ್ತಿದ್ದು, ಮನೆ ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ಚಿಂತೆ, ಇಂಥವು. ಮಾತಿನ ನಡುವೆ ಅವರ ಗಂಡನ ಕತ್ತು ಒಂದು ಕಡೆಗೆ ತಿರುಗಿ, ಮೈ ಸೆಟೆದು, ಅವರು ಕುರ್ಚಿಯಿಂದ ಜಾರಿದರು. ಆಕೆ ಕಿರುಚಲಿಲ್ಲ. ಸೊಂಟದಿಂದ ಬೀಗದ ಕೈ ಗೊಂಚಲು ಎಳೆದು ಅವರ ಬಲಗೈಗೆ ತುರುಕಿದರು.

ನರ್ಸ್ ಓಡಿ ಬಂದಳು. “ಅಜ್ಜೀ, ಕೀ ಎಲ್ಲ ಕೊಡ್ಬೇಡಿ! ಅದ್ರಿಂದ ಏನೂ ನಿಲ್ಲಲ್ಲ. ಮಗ್ಗುಲಿಗೆ ಮಲಗ್ಸಿ, ಮಗ್ಗುಲಿಗೆ.”

“ಕಬ್ಬಿಣ ಕೊಟ್ರೆ ನಿಲ್ಲುತ್ತೆ ಕಣಮ್ಮ. ನಮ್ಮತ್ತೆ ಕಾಲದಿಂದ ಕೊಟ್ಕೊಂಡ್ ಬಂದಿದ್ದೀವಿ.”

ಒಂದೆರಡು ನಿಮಿಷದಲ್ಲಿ ಒದ್ದಾಟ ನಿಂತಿತು. ಅವರು ಗೊರಕೆ ಹೊಡೆಯುವ ಹಾಗೆ ಉಸಿರಾಡುತ್ತ ಬಿದ್ದಿದ್ದರು. ಮುಷ್ಟಿ ಮಾತ್ರ ಬಿಗಿಯಾಗಿತ್ತು. ಆಕೆ ಪಕ್ಕದಲ್ಲಿ ಕೂತು ಅದನ್ನು ಬಿಡಿಸತೊಡಗಿದರು. ನಾನು ನೆರವಾಗಲು ಕೈ ಚಾಚಿ ತೋರುಬೆರಳು ಎತ್ತಲು ನೋಡಿದೆ.

“ಹಂಗಲ್ಲ ಕಣವ್ವ,” ಎಂದರು. “ಕಿರುಬೆರಳಿಂದ ಶುರು ಮಾಡ್ಬೇಕು. ಒಂದೊಂದೇ.”

ಡಾಕ್ಟರು ಒಳಗೆ ಕರೆದಾಗ ಏನು ಕೇಳಿದರು, ನಾನೇನು ಹೇಳಿದೆ, ನೆನಪಿಲ್ಲ. ಹೊರಗೆ ಬಂದವಳು ಮನೆಗೆ ಹೋಗಿ ಅಟ್ಟದ ಮೇಲಿನ ಆಲ್ಬಮ್ಮುಗಳನ್ನೆಲ್ಲ ಇಳಿಸಿ ಆ ಫೋಟೋ ಹುಡುಕಿದೆ. ಕೆಂಪು ಫ್ರಾಕು, ಅಮ್ಮನ ತೊಡೆ, ಮುಷ್ಟಿ. ಇರಲಿಲ್ಲ. ಚಿಕ್ಕಪ್ಪನ ಮಗನಿಗೆ ಫೋನು ಮಾಡಿದೆ, ಅವರ ಮನೆಯಲ್ಲೂ ಇರಲಿಲ್ಲ. “ಆಗ ನಮ್ಮನೇಲಿ ಕ್ಯಾಮೆರಾ ಎಲ್ಲಿತ್ತು ಅಕ್ಕ?” ಎಂದ. ನಾನು ಆ ಫೋಟೋವನ್ನು ನೂರಾರು ಜನರಿಗೆ ವರ್ಣಿಸಿದ್ದೇನೆ. ಅದು ಎಂದೂ ತೆಗೆಯದ ಫೋಟೋ.

ಈಗ ಅದೇ ದಿನವನ್ನು ಇನ್ನೊಂದು ಸಲ ಬರೆಯುತ್ತೇನೆ. ತಾತ ನಿಂತಿದ್ದಾರೆ. ಮಗು ಬಿದ್ದಿದೆ, ಮೈ ಅದುರುತ್ತಿದೆ. ಗೊಂಚಲನ್ನು ಮಗು ಕಿತ್ತುಕೊಳ್ಳಲಿಲ್ಲ, ಯಾರೋ ಮುಷ್ಟಿಗೆ ತುರುಕಿದರು. ಮಗು ನಿದ್ದೆ ಹೋಗಲಿಲ್ಲ. ಸುತ್ತ ಸೇರಿದವರು ನಗುತ್ತಿರಲಿಲ್ಲ. ಇದೂ ನನಗೆ ನೆನಪಿಲ್ಲ, ಇದನ್ನೂ ನಾನೇ ಕಟ್ಟಿದ್ದು. ಆದರೆ ಎರಡರಲ್ಲಿ ಒಂದನ್ನು ಆರಿಸಿ ನನ್ನ ಕೈಗೆ ಕೊಟ್ಟಿದ್ದರು, ಮೂವತ್ತೈದು ವರ್ಷ ನಾನು ಅದನ್ನೇ ಹಿಡಿದುಕೊಂಡಿದ್ದೆ. ಅದನ್ನು ನಂಬಿ ಒಂದು ಕಸುಬು ಹಿಡಿದೆ. ಎಷ್ಟು ಜನ ಹೆಂಗಸರು ನನ್ನ ಎಚ್ಚರವನ್ನು ನಂಬಿ ರಿಂಗ್ ರೋಡಿಗೆ ಇಳಿದರು.

ಮಾರನೆಯ ದಿನವೇ ಕೋಣನಕುಂಟೆಗೆ ಹೋದೆ. ಅಪ್ಪ ಹೋಗಿ ಆರು ವರ್ಷವಾಯಿತು. ಅಮ್ಮ ಕೆಳಮನೆಯಲ್ಲಿರುತ್ತಾಳೆ, ಮೇಲಿನ ಮೂರು ಮಹಡಿ ಬಾಡಿಗೆಗಿದೆ. ನೆಲದ ಮೇಲೆ ಪೇಪರ್ ಹಾಸಿ ದಂಟಿನ ಸೊಪ್ಪು ಬಿಡಿಸುತ್ತಿದ್ದಳು.

“ನಂಗೆ ಚಿಕ್ಕಂದಿನಲ್ಲಿ ಫಿಟ್ಸ್ ಬರ್ತಿತ್ತಲ್ವಾ?”

“ಮೆಲ್ಲಗೆ ಮಾತಾಡು. ಮೆಟ್ಲು ಮೇಲೆ ಬಾಡಿಗೆಯವ್ರು ಓಡಾಡ್ತಾರೆ.”

“ಬರ್ತಿತ್ತಾ ಇಲ್ವಾ?”

“ಯಾರು ನಿನ್ನ ತಲೆ ಕೆಡ್ಸಿರೋದು? ನಿನ್ನ ಹೊಟ್ಟೇಲಿ ಇಟ್ಕೊಂಡಿದ್ದಾಗ ನಾನು ಪರಂಗಿ ಹಣ್ಣು ಮುಟ್ಟಿಲ್ಲ, ಗ್ರಹಣದಲ್ಲಿ ಹೊಸ್ತಿಲು ದಾಟಿಲ್ಲ. ನನ್ನಿಂದ ಏನ್ ತಪ್ಪಾಗಿದೆ ಹೇಳು.”

“ನಾನು ತಪ್ಪು ಕೇಳ್ತಿಲ್ಲಮ್ಮ. ಹೌದೋ ಅಲ್ವೋ ಕೇಳ್ತಿದ್ದೀನಿ. ಆ ಬೀಗದ ಕೈ ಕಥೆ...”

“ಏನೀಗ? ಚೆನ್ನಾಗಿತ್ತಲ್ಲ ಆ ಕಥೆ. ನೀನೇ ಊರಿಗೆಲ್ಲ ಹೇಳ್ಕೊಂಡ್ ತಿರುಗ್ತಿದ್ದೆ.”

ನಾನು ಕಿರುಚಿದೆ. ಏನೆಂದು ಕಿರುಚಿದೆ ಎನ್ನುವುದನ್ನು ಬರೆಯಲಾರೆ, ನೆನಪಿಲ್ಲದೆ ಅಲ್ಲ. ಒಬ್ಬ ಮುದುಕರು ನನ್ನ ಕಾರಿನಡಿ ಸಾಯುತ್ತಿದ್ದರು ಎಂದೆ. ಸಿಂಚನಾ ಎಂದೆ. ಅಮ್ಮ ಒಂದು ದಂಟಿನ ನಾರು ತೆಗೆದು, ಇನ್ನೊಂದರ ನಾರು ತೆಗೆದು, ಆಮೇಲೆ ತಣ್ಣಗೆ ಹೇಳಿದಳು:

“ನೀನಲ್ಲ ಮಾತಾಡ್ತಿರೋದು. ಮಾತ್ರೆ ಮಾತಾಡ್ತಿದೆ. ಗಿರೀಶ ಹೇಳಿದ್ದಾನೆ ನಂಗೆ. ಮನೆಗೋಗಿ ಮಲಕ್ಕೋ.”

ಎರಡು ತಿಂಗಳು ನಾವು ಮಾತಾಡಲಿಲ್ಲ. ಆ ಎರಡು ತಿಂಗಳು ನಾನು ಕಾಲ್ನಡಿಗೆಯಲ್ಲಿ ಜಯನಗರ ಸುತ್ತಿದೆ. ಕಾರಿನಲ್ಲಿ ಕೂತವರಿಗೆ ಕಾಣದ ಎಷ್ಟೋ ಅಡ್ಡದಾರಿಗಳಿವೆ ಅಲ್ಲಿ. ಅನುಷಾ ಬೇರೆ ಸ್ಕೂಲಿನಲ್ಲಿ ಕಲಿತು ಲೈಸೆನ್ಸ್ ಪಡೆದಳು. ಒಂದು ಭಾನುವಾರ ಬಾಡಿಗೆ ಕಾರು ಓಡಿಸಿಕೊಂಡು ಮನೆ ಮುಂದೆ ಬಂದು, “ಹತ್ತಿ ಮೇಡಂ, ಮಸಾಲೆ ದೋಸೆ ತಿನ್ನೋಣ,” ಎಂದಳು. ಎಡಗಡೆ ಕೂತೆ. ಕಾಲ ಬಳಿ ಬ್ರೇಕ್ ಇರಲಿಲ್ಲ. ದಾರಿಯುದ್ದಕ್ಕೂ ನೆಲವನ್ನು ಒತ್ತುತ್ತಿದ್ದೆ. “ಮೇಡಂ, ನಿಮ್ಮ ಕಾಲು ನನ್ನನ್ನ ಇನ್ನೂ ನಂಬಲ್ಲ,” ಎಂದು ಅವಳು ನಕ್ಕಳು.

ಆಗಸ್ಟ್ ಮೊದಲ ವಾರ ಅಮ್ಮನೇ ಫೋನು ಮಾಡಿದಳು. ಹೇಗಿದ್ದೀಯ ಎಂದು ಕೇಳಲಿಲ್ಲ. “ಆ ಆಸ್ಪತ್ರೆಗೆ ನಾನು ಯಾವತ್ತು ಬರ್ಬೇಕು ಹೇಳು. ಮಂಗಳವಾರ ಬೇಡ.”

ಗುರುವಾರ ಹೋದೆವು. ಡಾಕ್ಟರು ನಮ್ಮನ್ನು ಇನ್ನೊಂದು ಕೋಣೆಗೆ ಕಳಿಸಿದರು. ವಂಶದಲ್ಲಿ ಯಾರಿಗೆ ಏನಾಗಿತ್ತೆಂದು ಕೇಳಿ ಬರೆದುಕೊಳ್ಳುವ ಹುಡುಗಿಯೊಬ್ಬಳಿದ್ದಳು ಅಲ್ಲಿ. ಇಪ್ಪತ್ತಾರು ಇಪ್ಪತ್ತೇಳು ಇರಬಹುದು. ಬಿಳಿ ಹಾಳೆ, ಪೆನ್ಸಿಲು, ರಬ್ಬರು. ಹೆಂಗಸರಿಗೆ ಒಂದು ಸೊನ್ನೆ, ಗಂಡಸರಿಗೆ ಒಂದು ಚೌಕ ಬರೆದು ಗೆರೆ ಎಳೆದು ಕೂಡಿಸುತ್ತಿದ್ದಳು.

“ಇದೇನು ತಾಯಿ, ರಂಗೋಲಿನಾ?” ಎಂದಳು ಅಮ್ಮ.

“ಹೂಂ ಅಮ್ಮ, ನಿಮ್ಮನೆ ರಂಗೋಲಿ. ಹೇಳಿ, ನಿಮಗೆ ಎಷ್ಟು ಬಸಿರು? ಉಳಿದಿದ್ದು, ಉಳೀದೆ ಇದ್ದಿದ್ದು, ಎಲ್ಲ ಸೇರಿ.”

“ಮೂರು. ಇವಳಿಗಿಂತ ಮುಂಚೆ ಒಂದು, ಆಮೇಲೊಂದು. ಎರಡೂ ಗಂಡು. ಎರಡೂ ಆರು ತಿಂಗಳು ತುಂಬ್ಲಿಲ್ಲ. ನಮ್ಮತ್ತೆ ನಾಗರದೋಷ ಅಂದ್ರು.”

ನಾನು ಒಬ್ಬಳೇ ಮಗಳು. ನನ್ನ ಆಚೆ ಈಚೆ ಯಾರೋ ಇದ್ದರೆಂದು ನನಗೆ ಆ ಕ್ಷಣದವರೆಗೆ ಗೊತ್ತಿರಲಿಲ್ಲ. ಸಿಂಚನಾಗೆ ಮುಂಚೆ ನನಗೂ ಒಂದು ಹೋಗಿತ್ತು. ಅದೂ ಗಂಡು. ಆಗ ಅಮ್ಮ ನನ್ನ ಹಾಸಿಗೆ ಪಕ್ಕ ಮೂರು ದಿನ ಕೂತಿದ್ದಳು, ಒಂದು ಮಾತೂ ಆಡದೆ. ಹುಡುಗಿ ಅಮ್ಮನಿಗೆ ಉಳಿಯದ ಆ ಎರಡಕ್ಕೆ ಎರಡು ಪುಟ್ಟ ತ್ರಿಕೋನ ಬರೆದು ಒಂದೊಂದು ಗೆರೆ ಹೊಡೆದಳು. “ಈ ಕಾಯಿಲೇಲಿ ಗಂಡು ಬಸಿರು ಬಹಳ ಸಲ ನಿಲ್ಲಲ್ಲ ಅಮ್ಮ. ನಿಮ್ಮ ದೋಷ ಏನೂ ಇಲ್ಲ.”

ಅಮ್ಮ ಆ ತ್ರಿಕೋನಗಳನ್ನೇ ನೋಡುತ್ತಿದ್ದಳು. “ಇದನ್ನ ನಮ್ಮತ್ತೆ ಇದ್ದಾಗ ಬಂದು ಹೇಳ್ಬಾರ್ದಾಗಿತ್ತಾ ನೀನು?” ಎಂದಳು.

“ಮಗಳಿಗೆ ಚಿಕ್ಕಂದಿನಲ್ಲಿ ಫಿಟ್ಸ್ ಬಂದಿತ್ತಾ?”

“ಹೂಂ.”

ಎಷ್ಟು ಸುಲಭವಾಗಿ! ಬಸ್ಸಿನಲ್ಲಿ ಪಕ್ಕದವರು ಟೈಮು ಕೇಳಿದರೆ ಹೇಳುವ ಹಾಗೆ. “ಐದು ತುಂಬಿದ ಮೇಲೆ. ಮೊದಲ್ನೇ ಸಲ ನೀರಿನ ತೊಟ್ಟಿ ಹತ್ರ. ಒಟ್ಟು ಹನ್ನೊಂದು ಸಲ. ಎಂಟು ವರ್ಷಕ್ಕೆ ನಿಂತೋಯ್ತು.”

“ಮಾತ್ರೆ ಕೊಟ್ಟಿದ್ರಾ?”

“ಬಿಳೀದು. ಬೆಳಿಗ್ಗೆ ಅರ್ಧ, ಸಾಯಂಕಾಲ ಒಂದು. ಬಾಳೆಹಣ್ಣಲ್ಲಿಟ್ಟು ಕೊಡ್ತಿದ್ದೆ. ಇವಳಿಗೆ ವಿಟಮಿನ್ ಅಂತಿದ್ದೆ.”

ಹನ್ನೊಂದು. ಎಣಿಸಿ ಇಟ್ಟುಕೊಂಡಿದ್ದಳು. ನಾನು ಪಕ್ಕದ ಕುರ್ಚಿಯಲ್ಲಿ ಮೊಣಕೈ ತಾಗುವಷ್ಟು ಹತ್ತಿರ ಕೂತಿದ್ದೆ. ಹುಡುಗಿ ನನ್ನ ಸೊನ್ನೆಯನ್ನು ಪೆನ್ಸಿಲಿನಿಂದ ನಿಧಾನವಾಗಿ ಕಪ್ಪು ಮಾಡುತ್ತಿದ್ದಳು. ನನ್ನನ್ನು ಒಂದು ಮಾತೂ ಕೇಳುವ ಅಗತ್ಯ ಬೀಳಲಿಲ್ಲ.

“ನಿಮಗೆ ಬಂದಿತ್ತಾ ಅಮ್ಮ?”

“ಎರಡು ಸಲ. ಮದುವೆಗೆ ಮುಂಚೆ. ಹಂಗಂತ ನಮ್ಮವ್ವ ಹೇಳಿದ್ಲು. ನಂಗೆ ಬಂದಿದ್ದು ನಂಗೆಲ್ಲಿ ಕಾಣುತ್ತೆ ತಾಯಿ?”

ಎರಡನೇ ಸೊನ್ನೆಯೂ ಕಪ್ಪಾಯಿತು. ಹುಡುಗಿ ಪೆನ್ಸಿಲನ್ನು ಕೆಳಗೆ ಸರಿಸಿ, ನನ್ನಿಂದ ಒಂದು ಗೆರೆ ಇಳಿಸಿ, ಮೂರನೆಯ ಸೊನ್ನೆ ಬರೆದಳು. ಅದರೊಳಗೆ ಒಂದು ಪ್ರಶ್ನಾರ್ಥಕ ಚಿಹ್ನೆ. ತಲೆಯೆತ್ತಿ, “ಇವರಿಗೆ ವಿಷಯ ಗೊತ್ತಾ?” ಎಂದು ಕೇಳಿದಳು.

ಅಮ್ಮ ನನ್ನ ಕಡೆ ತಿರುಗಿದಳು. ಆ ನೋಟದಲ್ಲಿ ಅಣಕವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

“ಹೇಳ್ತೀವಿ,” ಎಂದೆ.

ಪರೀಕ್ಷೆಗೆ ರಕ್ತ ಕೊಟ್ಟು ಹೊರಗೆ ಬಂದಾಗ ಕಾರಿಡಾರಿನಲ್ಲಿ ಅಮ್ಮನನ್ನು ನಿಲ್ಲಿಸಿದೆ. “ಯಾರೋ ಹುಡುಗಿ ಕೇಳಿದ್ರೆ ಎರಡು ನಿಮಿಷದಲ್ಲಿ ಹೇಳ್ದೆ. ನಂಗ್ಯಾಕೆ ಹೇಳ್ಲಿಲ್ಲ?”

“ಅವಳು ಬರ್ಕೊಂಡು ಫೈಲಲ್ಲಿ ಇಡ್ತಾಳೆ. ನೀನು ಮನಸ್ಸಲ್ಲಿ ಇಟ್ಕೊತಿದ್ದೆ. ಹೆದರ್ಕೊಂಡು ಮೂಲೇಲಿ ಕೂತಿರ್ತಿದ್ದೆ ಕಣೆ. ಕಾರು ಮುಟ್ತಿದ್ಯಾ ನೀನು?”

“ಮುಟ್ತಿರ್ಲಿಲ್ಲ. ಮುಟ್ಬಾರ್ದಾಗಿತ್ತು.”

“ಹನ್ನೆರಡು ವರ್ಷ ರಾಣಿ ಥರ ಮುಟ್ಟಿದ್ಯಲ್ಲ.”

“ಅದು ನನ್ನ ಹನ್ನೆರಡು ವರ್ಷ ಅಲ್ಲಮ್ಮ. ಅದರಲ್ಲಿ ಬೇರೆಯವರ ಜೀವ ಇತ್ತು.”

ಅವಳು ಸೆರಗಿನಿಂದ ತೋಳಿನ ಹತ್ತಿ ಒತ್ತಿಕೊಂಡಳು. ಕ್ಷಮಿಸು ಎನ್ನಲಿಲ್ಲ. ನಾನು ಕ್ಷಮಿಸಿಯೂ ಇಲ್ಲ. ಕ್ಷಮಿಸಿದ್ದೇನೆಂದು ಬರೆದರೆ ಈ ಬರಹಕ್ಕೆ ಒಂದು ಒಪ್ಪ ಬರುತ್ತಿತ್ತು, ಓದಿದವರಿಗೂ ಹಾಯೆನಿಸುತ್ತಿತ್ತು. ನಾವು ಈಗ ಮಾತಾಡುತ್ತೇವೆ. ಅವಳು ಸೊಪ್ಪು ಕಳಿಸುತ್ತಾಳೆ, ನಾನು ಡಬ್ಬಿ ತೊಳೆದು ವಾಪಸು ಕೊಡುತ್ತೇನೆ. ಅವಳ ಸ್ಕ್ಯಾನಿನಲ್ಲೂ ಅದೇ ಗಂಟುಗಳಿವೆ, ನನಗಿಂತ ಕಡಿಮೆ. ಸಿಂಚನಾಳ ಸ್ಕ್ಯಾನಿನಲ್ಲಿ ಏನಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬರೆಯಕೂಡದೆಂದು ಅವಳು ಹೇಳಿದ್ದಾಳೆ.

ಆ ಗುರುವಾರ, ಅಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ಮನೆಗೆ ಹೊರಟವಳು, ದಾರಿಯಲ್ಲಿ ಸಿಂಚನಾಳ ಕಾಲೇಜಿನ ಬಸ್ ಸ್ಟಾಪ್ ಕಂಡಾಗ ಆಟೋ ನಿಲ್ಲಿಸಿದೆ. ಯೋಚಿಸಿ ಮಾಡಿದ್ದಲ್ಲ. ಮನೆ ತಲುಪಿದರೆ ಹೇಳಲಾರೆ ಎನ್ನಿಸಿತು, ಅಷ್ಟೇ. ಅವಳು ಇಬ್ಬರು ಗೆಳತಿಯರ ಜೊತೆ ನಿಂತಿದ್ದಳು. ನನ್ನನ್ನು ನೋಡಿ ಈಚೆ ಬಂದಳು.

“ಏನಮ್ಮ ಇಲ್ಲಿ? ಅಜ್ಜಿಗೇನಾಯ್ತು?”

“ಏನೂ ಆಗಿಲ್ಲ. ಆಟೋದಲ್ಲಿದ್ದಾರೆ.”

ಹೇಳಿದೆ. ಕೆಟ್ಟದಾಗಿ ಹೇಳಿದೆ, ನಡುವಿನಿಂದ ಶುರು ಮಾಡಿ ಮುಂದಕ್ಕೂ ಹಿಂದಕ್ಕೂ ಹೋಗಿ, ಬಸ್ಸುಗಳ ಹಾರ್ನಿನ ನಡುವೆ ಗಂಟಲು ಏರಿಸಿ. ಹೊಟ್ಟೆಯೊಳಗಿನ ಮಗುವಿನ ತಲೆಯಲ್ಲಿ ಕೋಶಗಳು ನಡೆಯುತ್ತವೆ ಎಂದೆ, ನನ್ನವು ಕೆಲವು ನಡೆಯಲಿಲ್ಲ ಎಂದೆ, ಅಜ್ಜಿಯವೂ ನಡೆದಂತಿಲ್ಲ ಎಂದೆ. ನಿನ್ನದನ್ನೂ ನೋಡಬೇಕು ಎಂದೆ. ಅವಳ ಒಂದು ಕಿವಿಯಲ್ಲಿ ಇಯರ್‌ಫೋನ್ ಇತ್ತು. ನಡುವೆ ಎಲ್ಲೋ ಅದನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡಳು.

“ಮತ್ತೆ ಶುಗರ್ ಅಂದಿದ್ದು?”

“ಶುಗರ್ ಅಲ್ಲ.”

“ಅಪ್ಪಂಗೆ ಗೊತ್ತಾ?”

“ಗೊತ್ತು.”

ಅವಳ ಬಸ್ಸು ಬಂತು. ಗೆಳತಿಯರು ಹತ್ತಿ, ಕಿಟಕಿಯಿಂದ ಕೈ ಬೀಸಿ ಕರೆದರು. ಅವಳು ಅತ್ತ ನೋಡಲಿಲ್ಲ.

“ನಿಂಗೆ ಯಾವಾಗಿಂದ ಗೊತ್ತು?”

“ಮಾರ್ಚಿಂದ.”

ಬಸ್ಸು ಹೊರಟಿತು. ಅವಳು ನನ್ನ ಮುಖವನ್ನು, ಅಲ್ಲಿ ಯಾರಿದ್ದಾರೆಂದು ಹುಡುಕುವ ಹಾಗೆ ನೋಡಿದಳು.

“ಇದು ಆಗಸ್ಟ್ ಅಮ್ಮ,” ಎಂದಳು.